ಬೀಗದವನ ನೆನಪು

“ಮೊದಲು ಬಾಗಿಲು ತೆಗೀರಿ, ಆಮೇಲೆ ಅವಳನ್ನ ಬೈಯಿರಿ. ಬೈಯೋದಕ್ಕೆ ನಾನೂ ಬದುಕಿರಬೇಕಲ್ಲ,” ಎಂದು ಮುಚ್ಚಿದ ಬಾಗಿಲಿನ ಒಳಗಿನಿಂದ ಅತ್ತೆಯ ದನಿ ಬಂತು, ಅದರ ಬೆನ್ನಿಗೇ ಕೆಮ್ಮು. ಬಾಗಿಲ ಮೇಲಿನ ಕಿಂಡಿಯಿಂದ ಹೊಗೆ ಎಳೆಎಳೆಯಾಗಿ ಹೊರಬರುತ್ತಿತ್ತು. ಒಲೆಯ ಮೇಲೆ ಪಾತ್ರೆಯಿಟ್ಟು ಕಸ ಚೆಲ್ಲಲು ಸೊಸೆ ಹೊರಬಂದಾಗ ಗಾಳಿ ಬೀಸಿತ್ತು. ಬಾಗಿಲು ತಾನಾಗಿಯೇ ಮುಚ್ಚಿ ಬೀಗ ಬಿದ್ದಿತ್ತು. ಕೀಲಿ ಒಳಗೆ ಮೊಳೆಯಲ್ಲಿ ನೇತಾಡುತ್ತಿತ್ತು. ಎದ್ದು ಬಂದು ತೆಗೆಯೋಣವೆಂದರೆ ಅತ್ತೆಯ ಕಾಲುಗಳಲ್ಲಿ ಸ್ವಾಧೀನ ಉಳಿದಿರಲಿಲ್ಲ.

ಎದುರು ಮನೆಯ ದರ್ಜಿ ಮೂರು ಸಲ ಹೆಗಲಿನಿಂದ ಗುದ್ದಿ, ಉಕ್ಕಿನ ಬಾಗಿಲಿಗಿಂತ ತನಗೇ ಹೆಚ್ಚು ಪೆಟ್ಟಾಯಿತೆಂದು ಅರಿತು, ಹೆಗಲು ಉಜ್ಜಿಕೊಳ್ಳುತ್ತ ನಿಂತಿದ್ದ. ಕೆಳಗಿನ ಅಂಗಡಿಯಿಂದ ಓಡಿಬಂದಿದ್ದ ಬೀಗದವನು ಎರಡು ತಂತಿಗಳನ್ನು ತೂರಿಸಿ, ಅತ್ತಿತ್ತ ಆಡಿಸಿ, ಹೊರಗೆಳೆದ.

“ಇದು ತಂತಿಗೆ ಬಗ್ಗೋ ಜಾತಿ ಅಲ್ಲ.”

“ಹಾಗಂದ್ರೆ ಹೇಗಣ್ಣ? ನಮ್ಮವರು ಬರೋದಕ್ಕೆ ಇನ್ನೂ ಒಂದು ಗಂಟೆ ಬೇಕು,” ಎಂದಳು ಸೊಸೆ.

ಬೀಗದವನು ತಂತಿಗಳನ್ನು ಚೀಲಕ್ಕೆ ಹಾಕಿದ. ಮೂವತ್ತು ವರ್ಷಗಳಿಂದ ಅವನು ಒಂದು ಸಂಗತಿಯನ್ನು ಯಾರಿಗೂ ಹೇಳದೆ ಬದುಕಿದ್ದ. ಒಮ್ಮೆ ಕಣ್ಣಿಗೆ ಬಿದ್ದ ಕೀಲಿಯ ಒಂದೊಂದು ಕಚ್ಚಿನ ಆಳವೂ ಅಂಕಿಯಾಗಿ ಅವನ ತಲೆಯಲ್ಲಿ ಕೂತುಬಿಡುತ್ತಿತ್ತು, ಎಬ್ಬಿಸಿದರೂ ಏಳುತ್ತಿರಲಿಲ್ಲ. ಆ ಬೀದಿಯ ನೂರಾರು ಬಾಗಿಲುಗಳನ್ನು ಅವನು ಹಾಗೆಯೇ ತಲೆಯಲ್ಲಿ ಹೊತ್ತು ತಿರುಗುತ್ತಿದ್ದ. ಇಂಥವನ ಕೈಗೆ ಯಾರೂ ಕೀಲಿ ಕೊಡಲಾರರೆಂಬುದನ್ನು ತಿಳಿಯಲು ಹೆಚ್ಚಿನ ಬುದ್ಧಿಯೇನೂ ಬೇಕಿರಲಿಲ್ಲ. ಏಳು ವರ್ಷಗಳ ಹಿಂದೆ ಈ ಮನೆಯ ಯಜಮಾನ ಅವನಲ್ಲಿ ಒಂದು ನಕಲು ಕೀಲಿ ಮಾಡಿಸಿಕೊಂಡು ಹೋಗಿದ್ದ. ನಾಲ್ಕು, ಒಂದು, ಮೂರು, ಮೂರು, ಐದು.

ಒಳಗೆ ಬಿಟ್ಟು ಬಿಟ್ಟು ಬರುತ್ತಿದ್ದ ಕೆಮ್ಮು ಈಗ ಬಿಡದೆ ಬರತೊಡಗಿತು. ಅವನು ಚೀಲದಿಂದ ಹಲ್ಲು ಕೊರೆಯದ ಕೀಲಿಯೊಂದನ್ನು ತೆಗೆದು, ಮೆಟ್ಟಿಲ ಮೇಲೆ ಕುಳಿತು, ಅರದಿಂದ ಉಜ್ಜತೊಡಗಿದ.

“ಅಲ್ಲಯ್ಯಾ, ಅಸಲು ಕೀಲಿ ಒಳಗಿದೆ. ಏನನ್ನ ನೋಡ್ಕೊಂಡು ಉಜ್ತಾ ಇದ್ದೀಯ?” ದರ್ಜಿ ಬಗ್ಗಿ ಕೇಳಿದ.

“ಬೆಳಕಿಗೆ ಅಡ್ಡ ಬರಬೇಡ.”

ಕೀಲಿ ಮೊದಲ ಸಲ ತಡವರಿಸಿತು. ಇನ್ನೆರಡು ಎಳೆತ ಉಜ್ಜಿದ ಮೇಲೆ ಸಲೀಸಾಗಿ ತಿರುಗಿತು. ಸೊಸೆ ನುಗ್ಗಿ ಒಲೆ ಆರಿಸಿದಳು. ದರ್ಜಿ ಅತ್ತೆಯನ್ನು ಕುರ್ಚಿಸಮೇತ ಹೊತ್ತು ಹೊರತಂದ. ಕಣ್ಣೊರೆಸಿಕೊಂಡು ಆಕೆ ಕೇಳಿದ ಮೊದಲ ಮಾತು: “ಪಾತ್ರೆ ಉಳೀತಾ?”

ಮೆಟ್ಟಿಲ ಮೇಲೆ ನೆರೆದಿದ್ದವರೆಲ್ಲ ನಕ್ಕರು. ದರ್ಜಿ ಬೀಗದವನ ಬೆನ್ನು ತಟ್ಟಿದ. “ಅಸಲು ನೋಡದೇನೇ ಉಜ್ಜಿಬಿಟ್ಟೆಯಲ್ಲ! ಯಾವತ್ತೋ ಒಂದ್ಸಲ ನೋಡಿದ್ದು ಹಾಗೇ ನೆನಪಿತ್ತಾ? ಬಿಡು ಬಿಡು. ಎಲ್ಲಿ, ನಮ್ಮನೇದು ಹೇಳು ನೋಡೋಣ.”

ಮೂವತ್ತು ವರ್ಷಗಳಲ್ಲಿ ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ. ನಾಲಗೆ ಅವನ ಅಪ್ಪಣೆಗೂ ಕಾಯಲಿಲ್ಲ. “ಎರಡು, ಐದು, ಐದು, ಒಂದು, ನಾಲ್ಕು. ಅಂಗಡೀದು ಬೇರೆ; ಆರು, ಎರಡು, ಎರಡು, ಮೂರು, ಒಂದು.” ಜನ ಚಪ್ಪಾಳೆ ತಟ್ಟಿದರು. ಮೇಲಿನ ಮನೆಯಾಕೆ ತನ್ನದನ್ನು ಕೇಳಿದಳು, ಹೇಳಿದ. ಪಕ್ಕದ ಮನೆಯ ಮೇಷ್ಟ್ರು ಕೇಳಿದರು. ಅವರದನ್ನೂ, ಅವರ ಪುಸ್ತಕದ ಕಪಾಟಿನದನ್ನೂ ಹೇಳಿದ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ದರ್ಜಿ ಜೇಬಿನಿಂದ ತನ್ನ ಕೀಲಿಯನ್ನು ತೆಗೆದು ನೋಡಿ, ಮತ್ತೆ ಜೇಬಿಗಿಳಿಸಿದ. ಇಳಿಸಿದ ಕೈಯನ್ನು ಹೊರಗೆ ತೆಗೆಯಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಏನೋ ಕೆಲಸ ನೆನಪಾದವರಂತೆ ಚದುರಿದರು.

ಮುಂದಿನ ಮೂರು ದಿನ ಅಂಗಡಿಯಲ್ಲಿ ಹೊಸ ಬೀಗಗಳು ಎಂದೂ ಇಲ್ಲದಂತೆ ಖರ್ಚಾದವು. ನಕಲು ಮಾಡಿಸಲು ಮಾತ್ರ ಒಂದು ಕೀಲಿಯೂ ಬರಲಿಲ್ಲ. ಕೊಂಡವರು ಪೊಟ್ಟಣವನ್ನು ಬಿಚ್ಚದೆಯೇ ಒಯ್ಯುತ್ತಿದ್ದರು. ದರ್ಜಿಯೂ ಬಂದ. “ಹಳೇದು ತುಕ್ಕು ಹಿಡಿದುಬಿಟ್ಟಿದೆ ಕಣಯ್ಯಾ,” ಎಂದ, ಅಂಗಡಿಯ ನೆಲ ನೋಡುತ್ತ. ಅದನ್ನು ಕಳೆದ ವರ್ಷವಷ್ಟೇ ಬೀಗದವನೇ ಕೂರಿಸಿಕೊಟ್ಟಿದ್ದ.

ನಾಲ್ಕನೆಯ ದಿನ ಸೊಸೆ ಬಂದಳು.

“ಅತ್ತೆ ಹೇಗಿದ್ದಾರಮ್ಮ?”

“ಬೆಳಗ್ಗೆಯಿಂದ ಬೈತಾ ಇದ್ದಾರೆ. ಪೂರಾ ಗುಣ ಆದ ಹಾಗೇ,” ಎಂದು ನಕ್ಕಳು. ಆಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಅಣ್ಣಾ, ಒಂದು ಹೊಸ ಬೀಗ ಬೇಕಿತ್ತು. ನನಗೇನೂ ಇಲ್ಲ, ದೇವರಾಣೆ. ನಮ್ಮವರು ಒಂದೇ ಸಮನೆ…”

“ನೀವೇನೂ ಹೇಳಬೇಡಿ. ಅವರು ಹೇಳಿದ್ದು ಸರೀನೇ.” ಇದ್ದುದರಲ್ಲಿ ಗಟ್ಟಿಯಾದದ್ದನ್ನು ಆರಿಸಿ, ಪೊಟ್ಟಣವನ್ನು ಅವಳ ಮುಂದಿಟ್ಟ. “ಒಂದ್ಸಲ ತಿರುಗಿಸಿ ನೋಡ್ಕೊಂಡು ಹೋಗಿ. ನಾನು ಆ ಕಡೆ ತಿರುಗ್ತೀನಿ.”

ಅವನು ಬೆನ್ನು ತಿರುಗಿಸಿ ನಿಂತ. ಪೊಟ್ಟಣ ಹರಿದ ಸದ್ದು. ಕೀಲಿ ಒಮ್ಮೆ ತಿರುಗಿದ ಸದ್ದು, ಮತ್ತೊಮ್ಮೆ. ಎದುರಿಗಿದ್ದ ಕಪಾಟಿನ ಗಾಜಿನಲ್ಲಿ ಏನೋ ಮಿನುಗಿತು. ಅವನು ಕೂಡಲೇ ಕಣ್ಣು ಮುಚ್ಚಿಕೊಂಡ.

“ಆಯ್ತಣ್ಣ, ಚೆನ್ನಾಗಿದೆ. ತಗೊಂಡು ಹೋಗ್ತೀನಿ.”

ಅವನು ಕಣ್ಣು ತೆರೆಯಲಿಲ್ಲ. ಕೈಯಿಂದ ಕಪಾಟನ್ನು ತಡವಿ, ಇನ್ನೊಂದು ಪೊಟ್ಟಣವನ್ನು ತೆಗೆದು, ಹಿಂದಕ್ಕೆ ಚಾಚಿದ.

“ಅದನ್ನ ಇಲ್ಲೇ ಬಿಟ್ಟು ಇದನ್ನ ತಗೊಳ್ಳಿ. ಮನೆಗೆ ಹೋದ ಮೇಲೆ ಬಿಚ್ಚಿ. ಗಾಜಿನಲ್ಲಿ ಕಾಣಿಸಿಬಿಡ್ತಮ್ಮ.”