ಯಾರದೋ ಚಳಿಗೆ ಅಪ್ಪನ ಮೈ

"ಡ್ರೈವರನ ಮಗಳು ಡಿಗ್ರಿ ಮಾಡಿದರೆ ನಾನು ಅರ್ಧ ಮೀಸೆ ಬೋಳಿಸುತ್ತೇನೆ" ಎಂದವನು ಕುವೈತಿನಲ್ಲಿ ಅಪ್ಪನ ಮ್ಯಾನೇಜರ್, ನಮ್ಮೂರಿನವನೇ. ಹೊಸ ಜಾಕೆಟ್ಟಿನ ರಬ್ಬರು ವಾಸನೆ ಬಂದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಸಬ್ಹಾನ್ ಕೈಗಾರಿಕಾ ಪ್ರದೇಶದಲ್ಲಿದ್ದ ಕಂಪನಿಯ ಬಟ್ಟೆ ಗೋದಾಮಿಗೆ ಕರೆದುಕೊಂಡು ಹೋಗಿದ್ದರು. ಚಳಿದೇಶದಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ ಕೂತು ಜಿಂಕೆ ಹೊಡೆಯಲು ಹೊರಟಿದ್ದ ಗಿರಾಕಿಯೊಬ್ಬನಿಗೆ ಬಟ್ಟೆ ಆರಿಸಬೇಕಿತ್ತು. ಇಬ್ಬರ ಮೈಕಟ್ಟೂ ಒಂದೇ ಎಂದು ಮ್ಯಾನೇಜರ್ ಅಪ್ಪನಿಗೆ ಉಣ್ಣೆಯ ಒಳಂಗಿ, ಸ್ವೆಟರ್, ಅದರ ಮೇಲೆ ರಬ್ಬರು ವಾಸನೆಯ ದಪ್ಪ ಜಾಕೆಟ್ ತೊಡಿಸಿ ಏಣಿಯ ತುದಿಯಲ್ಲಿ ಕೂರಿಸಿದ. ಕೋವಿ ಹಿಡಿದಂತೆ ಕೈ ಎತ್ತಿಸಿ, ಬಟ್ಟೆ ಸರಪರ ಅನ್ನುತ್ತದೆಯೇ ಎಂದು ಕಿವಿಗೊಟ್ಟ. ತಗಡಿನ ಮಾಡಿನ ಮೇಲೆ ಕುವೈತಿನ ಬಿಸಿಲು ಉರಿಯುತ್ತಿತ್ತು.

"ಅಲುಗಬೇಡ ಮಾರಾಯ, ಜಿಂಕೆ ಓಡೀತು" ಎಂದ. ಗೋದಾಮಿನ ಕೆಲಸದವರೆಲ್ಲ ನಕ್ಕರು. ಅಪ್ಪನ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಇಳಿಯಿರಿ ಅಪ್ಪ" ಎಂದೆ.

"ಸುಮ್ಮನಿರು ಮಗಾ. ನಿನ್ನ ಓದು ಮುಗಿಯಲಿ" ಎಂದರು ಅಪ್ಪ, ಎತ್ತಿದ ಕೈ ಇಳಿಸದೆ.

ಓದು ಮುಗಿಯಿತು. ಪದವಿ ಪತ್ರವನ್ನು ಅಪ್ಪನ ಕೈಗಿಟ್ಟೆ. ಅವರು ಅದನ್ನು ನಿಧಾನವಾಗಿ ನೋಡಿ, ಅಮ್ಮನ ಕಡೆ ತಿರುಗಿದರು.

"ನಾಳೆಯಿಂದ ನಾನು ಅವನ ಕೆಲಸಕ್ಕೆ ಹೋಗುವುದಿಲ್ಲ. ಖಲಾಸ್."