ಕೇಕಿಲ್ಲದ ಹುಟ್ಟುಹಬ್ಬ

ತರಗತಿಯಲ್ಲಿ ಯಾರ ಹುಟ್ಟುಹಬ್ಬವಾದರೂ, ಸಕ್ಕರೆ ಕಾಯಿಲೆಯ ಶಿವಲೀಲಾ ಕೇಕ್ ತಿನ್ನುವವರ ನಡುವೆ ಬರಿಗೈಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ದಾನೇಶ್ವರಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ತನ್ನ ಹುಟ್ಟುಹಬ್ಬದ ದಿನ ಹಾಗಾಗಬಾರದೆಂದು ಹಟ ಹಿಡಿದು, ಕೇಕ್ ಬೇಡವೆಂದು, ಅವ್ವನಿಂದ ಡಬ್ಬಿ ತುಂಬ ಕಡಲೆ ಉಸುಳಿ ಮಾಡಿಸಿ ತಂದಳು.

"ಹುಟ್ಟುಹಬ್ಬಕ್ಕ ಕಡ್ಲಿ? ನಾವೇನ ಕುದುರಿ ಏನ?" ಹಿಂದಿನ ಬೆಂಚಿನ ಈರಣ್ಣ ಮುಖ ಕಿವುಚಿದ.

"ಬಾಯಿ ಮುಚ್ಚಲೇ! ಇವತ್ತ ಶಿವಲೀಲಾನೂ ನಮ್ಮ ಜೋಡಿ ತಿಂತಾಳ."

"ಹಂಗಾರ ನನಗ ಎರಡ ಚಮಚ ಹಾಕ," ಎಂದು ಅವನೂ ಕೈಯೊಡ್ಡಿದ.

ಅಷ್ಟರಲ್ಲಿ ಶಿವಲೀಲಾ ತೋಳು ಉಜ್ಜಿಕೊಳ್ಳುತ್ತ, ಬಾಯ್ತುಂಬ ನಗುತ್ತ ಟೀಚರ ಕೋಣೆಯಿಂದ ಓಡಿಬಂದಳು.

"ದಾನಿ, ಕೇಕ್ ಎಲ್ಲೈತಿ? ನಿನ್ನ ಕೇಕ್ ತಿನ್ನಾಕಂತನ ಡಾಕ್ಟರ್‌ನ ಕೇಳಿ, ಇಂಜೆಕ್ಷನ್ ತಗೊಂಡ ಬಂದೀನಿ!"