ಮಡಿ ಕೆಡದ ಹಾಗೆ

"ನಿಮ್ಮ ತಂದಿಯವರ ಹೆಸರು ಹೇಳ್ರಿ ರಾಯರ," ಎಂದು ಆಚಾರ್ಯರು ಇನ್ನೊಮ್ಮೆ ಕೇಳಿದರು.

ತಂದೆಯ ಶ್ರಾದ್ಧಕ್ಕೆ ಮಡಿಯುಟ್ಟು ಕೂತಿದ್ದ ಜಯತೀರ್ಥರಾಯರು ಬೆರಳಿನ ದರ್ಭೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಎಳ್ಳುನೀರು ಬಿಡಲು ಚಾಚಿದ ಅಂಗೈ ಹಕ್ಕಿಯ ರೆಕ್ಕೆಯ ಹಾಗೆ ಬಿದ್ದು ಬಿದ್ದು ಏಳುತ್ತಿತ್ತು. "ಅಪ್ಪ ಇನ್ನೂ ಆಫೀಸಿನಿಂದ ಬಂದಿಲ್ರಿ," ಎಂದರು.

ಊಟಕ್ಕೆ ಕರೆಸಿದ್ದ ಬ್ರಾಹ್ಮಣರೊಬ್ಬರು ಪಕ್ಕದವರ ಕಿವಿಗೆ ಬಾಗಿ, "ಮುಂಜಾನೇನ ಹಾಕ್ಯಾರೋ ಏನೋ!" ಎಂದದ್ದು ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಡತಿ ನಲಿನಿಗೆ ಕೇಳಿಸಿತು. ಹೆಂಡದಂಗಡಿಯ ನೆರಳನ್ನೂ ತುಳಿಯದ ಮನುಷ್ಯ. ಅವರ ಲಿವರನ್ನು ತಿಂದದ್ದು ಹೆಂಡವಲ್ಲ, ಸಕ್ಕರೆ ಕಾಯಿಲೆ. ಅವಳ ಕಣ್ಣು ಒಳಗಿನ ಅಕ್ಕಿ ಡಬ್ಬಿಯ ಕಡೆ ಹೋಯಿತು.

ಲಿವರಿಗೆಂದು ಡಾಕ್ಟರು ಕೊಟ್ಟಿದ್ದ ಸಿರಪ್ ಕುಡಿದರೆ ದಿನಕ್ಕೆ ಎರಡು ಮೂರು ಸಲ ಹೊರಕಡೆಗೆ ಹೋಗಲೇಬೇಕು. ಹೋಗಿ ಬಂದಾಗಲೆಲ್ಲ ಮತ್ತೆ ಸ್ನಾನ, ಮತ್ತೆ ಮಡಿ. ಪಿಂಡದ ಮುಂದಿನಿಂದ ಎದ್ದು ಓಡಿದರೆ ಗತಿಯೇನು? ಶ್ರಾದ್ಧವೊಂದು ಸಾಂಗವಾಗಿ ಮುಗಿಯಲಿ ಎಂದು ನಾಲ್ಕು ದಿನ ಮೊದಲೇ ಅವಳು ಬಾಟಲಿಯನ್ನು ಅಕ್ಕಿ ಡಬ್ಬಿಯ ಹಿಂದೆ ಸರಿಸಿದ್ದಳು. "ನಲಿನೀ, ನನ್ನ ಔಷಧ?" ಎಂದು ಅವರು ಕೇಳಿದಾಗಲೆಲ್ಲ, "ಆಗಲೇ ಕುಡದ್ರಲ್ಲ! ಮರತ್ರೇನು?" ಎನ್ನುತ್ತಿದ್ದಳು. "ಹೌದೇನು? ಮುದುಕ ಆದೆ ನೋಡು," ಎಂದು ಅವರು ನಗುತ್ತಿದ್ದರು.

ಆಚಾರ್ಯರು ಪಂಚಪಾತ್ರೆಯನ್ನು ಪಕ್ಕಕ್ಕಿಟ್ಟರು. "ಮೊದಲ ದವಾಖಾನಿಗೆ ಕರಕೊಂಡ ಹೋಗ್ರಿ ತಾಯಿ. ಪಿತೃಗಳು ಕಾಯ್ತಾರ, ಇದು ಕಾಯಂಗಿಲ್ಲ."

ಉಪ್ಪಲ್ ಬಡಾವಣೆಯ ಆಸ್ಪತ್ರೆಯಲ್ಲಿ ಡಾಕ್ಟರು ರಾಯರ ಕೈ ಚಾಚಿಸಿ ನೋಡಿದರು, ಹೊಟ್ಟೆ ಒತ್ತಿದರು. ಆಮೇಲೆ ನಲಿನಿಯ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು: ಲಿವರ್ ಸೋತಾಗ ಹೊಟ್ಟೆಯ ವಿಷ ಸೋಸಿಹೋಗದೆ ತಲೆಗೇರುತ್ತದೆ, ಹೊಟ್ಟೆ ಕಟ್ಟಿದರಂತೂ ಮುಗಿಯಿತು. ಅದನ್ನು ಹೊರಗೆ ತಳ್ಳುವುದಕ್ಕೇ ಆ ಸಿರಪ್. ಯಾಕೆ ನಿಲ್ಲಿಸಿದಿರಿ?

"ವೋ ಭೂಲ್ ಗಯೇ," ಎಂದುಬಿಟ್ಟಳು ನಲಿನಿ. ಮರೆತದ್ದು ಅವರೇ ಎಂದು. ಬುದ್ಧಿ ತಪ್ಪಿ ಮಲಗಿದ್ದವರ ತಲೆಯ ಮೇಲೆ ಅದನ್ನೂ ಹೊರಿಸಿದಳು.

ಎನಿಮಾ ಕೊಟ್ಟರು, ಮೂಗಿನ ನಳಿಗೆಯಲ್ಲಿ ಅದೇ ಸಿರಪ್ ಇಳಿಸಿದರು. ಮೈಲಿಗೆಯೆಂದು ನಲಿನಿ ಹೆದರಿದ್ದ ಆ ಹೊರಕಡೆಯೇ ಅವರ ತಲೆಯನ್ನು ಇಷ್ಟು ದಿನ ತೊಳೆದು ಮಡಿಯಾಗಿ ಇಟ್ಟಿತ್ತು. ಸಲಸಲಕ್ಕೂ ನರ್ಸನ್ನು ತಡೆದು ನಲಿನಿಯೇ ಅವರನ್ನು ಒರೆಸಿ ಶುಚಿ ಮಾಡಿದಳು. ಸ್ನಾನದ ನೆನಪು ಒಮ್ಮೆಯೂ ಬರಲಿಲ್ಲ. ದೇವರ ನಾಮವೂ ನಾಲಿಗೆಗೆ ಬರಲಿಲ್ಲ. ಯಾವ ಬಾಯಿಂದ ಕರೆಯುವುದು?

ಮೂರನೆಯ ದಿನ ರಾಯರು ಕಣ್ಣುಬಿಟ್ಟು ಛಾವಣಿ ನೋಡಿದರು. "ನರಹರಿರಾವ್," ಎಂದರು ಮೆಲ್ಲಗೆ. "ಅಪ್ಪನ ಹೆಸರು ನರಹರಿರಾವ್. ಪಿಂಡ ಆತೇನು?"

"ಆಗ್ತದ್ರಿ. ಮೊದಲ ನೀವು ಆರಾಮ ಆಗ್ರಿ," ಎಂದಳು ಅವಳು, ಮುಖ ಎತ್ತದೆ.

ನಳಿಗೆ ತೆಗೆಸಲು ಬಂದ ಡಾಕ್ಟರು, "ಅಂಕಲ್, ದವಾ ಮರೆತರೆ ಹೇಗೆ?" ಎಂದು ಗದರಿದರು. ರಾಯರು ಹೆಂಡತಿಯನ್ನು ಒಂದು ಗಳಿಗೆ ನೋಡಿದರು. "ನನ್ನದೇ ತಪ್ಪು, ಡಾಕ್ಟರ್ ಸಾಬ್. ನಾನೇ ಮರೆತೆ," ಎಂದರು.

ಡಾಕ್ಟರು ಹೋದರು. ನಲಿನಿ ಮುಚ್ಚಳದ ತುಂಬ ಸಿರಪ್ ಹಾಕಿ ಹಿಡಿದಳು. ಅವರು ತೊಟ್ಟೂ ಉಳಿಸದೆ ಕುಡಿದು, ತುಟಿ ಒರೆಸಿಕೊಂಡು, ಮಗುವಿನ ಹಾಗೆ ಅವಳ ಮುಖ ನೋಡಿದರು.

"ನಲಿನೀ, ಈಗ ಖರೇನ ಕುಡದೆ, ಹೌದಲ್ಲ?"